ಕುಡಿತ ಬಿಟ್ಟ ಮೇಲೆ ಸಂಜೆ ಹೊತ್ತಿಗೆ ಯಾವ ಹವ್ಯಾಸ ಒಳ್ಳೆಯದು?

ಕಷ್ಟ ಕೊಡುವುದು ಸಂಜೆ ಏಳರಿಂದ ಒಂಬತ್ತು, ಅಲ್ವಾ? ಆ ಹೊತ್ತಿಗೇ ಕೈಗೆ ಕೆಲಸ ಕೊಡುವಂಥದ್ದು ಹುಡುಕಿ. ಸುಮ್ನೆ ಟಿವಿ ನೋಡಿದರೆ ಸಾಲದು.

ನನಗೆ ಒಗ್ಗಿದ್ದು ಜೋಳದ ರೊಟ್ಟಿ ಬಡಿಯುವುದು. ಜೋಳಕ್ಕೆ ಗೋಧಿಯ ಹಾಗೆ ಅಂಟಿಲ್ಲ. ಹಿಟ್ಟಿಗೆ ಕುದಿಯುವ ನೀರು ಹಾಕಿ ಚೆನ್ನಾಗಿ ನಾದದಿದ್ದರೆ ಅಂಚು ಬಿರಿಯುತ್ತದೆ. ಮೊದಲ ವಾರ ಎಲ್ಲವೂ ಹರಿದವು. ಆದರೆ ತಟಪಟ ಬಡಿಯುತ್ತಿದ್ದರೆ ಗಮನವೆಲ್ಲ ಅಂಗೈಯಲ್ಲೇ. ಕುಡಿಯುವ ಆಸೆ ಹೆಚ್ಚಾಗಿ ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಅಷ್ಟು ಹೊತ್ತು ದಾಟಿದರೆ ಸಾಕು.

ಜೊತೆಗೆ ಜನ ಬೇಕಾದರೆ ಶಟಲ್, ಭಜನೆ, ಕರಾವಳಿಯಲ್ಲಾದರೆ ತಾಳಮದ್ದಳೆ.

ದಿನಾ ಜಾಸ್ತಿ ಕುಡಿಯುತ್ತಿದ್ದವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮೊದಲು ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.