ಹಿತ್ತಲಲ್ಲಿ ಕೋಳಿ, ಹಣ್ಣಿನ ಗಿಡ ಎರಡೂ ಒಟ್ಟಿಗೆ ಆಗುತ್ತಾ?

ಮನೆ ಹಿಂದೆ ಸ್ವಲ್ಪ ಜಾಗ ಇದೆ, ಒಂದಷ್ಟು ಕೋಳಿ ಸಾಕಿ ಹಣ್ಣಿನ ಗಿಡವನ್ನೂ ಹಾಕಬೇಕು ಅಂತಿದ್ದೇನೆ, ಕೋಳಿ ಗಿಡ ಹಾಳು ಮಾಡುತ್ತಾ ಇಲ್ಲ ಗೊಬ್ಬರ ಕೊಟ್ಟು ಬೆಳೆಸುತ್ತಾ, ಯಾವುದನ್ನು ಮೊದಲು ಶುರು ಮಾಡಲಿ ಅಂತ ಕೇಳಿದ್ದೀರಿ.

ಹಾಳೂ ಮಾಡುತ್ತದೆ, ಬೆಳೆಸುವುದೂ ಹೌದು. ಕೋಳಿಯನ್ನು ಯಾವಾಗ ಗಿಡದ ಹತ್ತಿರ ಬಿಡುತ್ತೀರಿ, ಯಾವಾಗ ಬಿಡುವುದಿಲ್ಲ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಎರಡನ್ನೂ ಇಟ್ಟುಕೊಂಡಿರುವವನಾಗಿ ಹೇಳುತ್ತೇನೆ, ಮಧ್ಯೆ ಒಂದು ಬೇಲಿ ಬೇಕೇ ಬೇಕು. ಬೇಲಿಗೆ ಒಂದು ಗೇಟೂ ಬೇಕು. "ಕೋಳಿಯನ್ನು ತೋಟಕ್ಕೆ ಬಿಟ್ಟುಬಿಡಿ, ಎಲ್ಲಾ ತಾನಾಗೇ ಆಗುತ್ತದೆ" ಅಂತ ಹೇಳುವವರ ಮಾತು ದೊಡ್ಡ ಮರಗಳಿರುವ ತೋಟಕ್ಕೆ ಸರಿ. ಹೊಸದಾಗಿ ಗಿಡ ಹಾಕುವವರಿಗೆ ಅಲ್ಲ.

ಮೊದಲು ಗಿಡ ಹಾಕಿ. ಮರಿ ತಂದರೆ ಐದಾರು ತಿಂಗಳಿಗೆ ಮೊಟ್ಟೆ ಶುರು. ಕಸಿ ಮಾಡಿದ ಸೀಬೆಗೇ ಎರಡು ವರ್ಷ ಬೇಕು, ಕಸಿ ಮಾವು ಅಂದರೆ ಮೂರರಿಂದ ಐದು ವರ್ಷ. ಹಾಗಾಗಿ ಗಿಡ ನೆಟ್ಟು, ಅದು ಬೇರು ಬಿಟ್ಟು ಕಾಂಡ ಗಟ್ಟಿಯಾಗುವ ಹೊತ್ತಲ್ಲಿ ನಿಧಾನವಾಗಿ ಗೂಡು ಕಟ್ಟಿಕೊಳ್ಳಿ.

ಎಳೆ ಗಿಡಕ್ಕೆ ಕೋಳಿ ಏನು ಮಾಡುತ್ತದೆ ನೋಡಬೇಕಾ? ಈಗಷ್ಟೇ ನೀರು ಹಾಕಿ ತರಗೆಲೆ ಹೊದಿಸಿದ ಪಾತಿ ಹತ್ತಿರ ಒಂದು ಹೇಂಟೆ ಬಿಡಿ. ಎಡಗಾಲಲ್ಲಿ ಒಂದು ಸಲ, ಬಲಗಾಲಲ್ಲಿ ಎರಡು ಸಲ ಕೆರೆಯುತ್ತದೆ, ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ತಲೆ ಓರೆ ಮಾಡಿ ನೋಡುತ್ತದೆ, ಏನೋ ಕುಕ್ಕಿ ಮತ್ತೆ ಶುರು ಮಾಡುತ್ತದೆ. ಸ್ವಲ್ಪ ಹೊತ್ತಲ್ಲಿ ಎಲೆಯೆಲ್ಲಾ ಪಾತಿಯಿಂದ ಆಚೆ, ಬುಡದಲ್ಲಿ ಕೂದಲಿನಂಥ ಬೇರು ಬಿಸಿಲಿಗೆ. ಗಿಡಕ್ಕೆ ನೀರು, ಗೊಬ್ಬರ ಎಳೆದುಕೊಡುವ ಸಣ್ಣ ಬೇರು ಜಾಸ್ತಿ ಇರುವುದೇ ಮೇಲಿನ ಒಂದು ಅಡಿ ಮಣ್ಣಲ್ಲಿ. ಅದಕ್ಕೇ ಮೊದಲ ಎರಡು ವರ್ಷ ಪ್ರತಿ ಗಿಡದ ಸುತ್ತ ತಂತಿ ಬಲೆಯ ಬಳೆ ಹಾಕಿ, ಇಲ್ಲವೇ ಬುಡದ ಸುತ್ತ ಚಪ್ಪಟೆ ಕಲ್ಲು ಒತ್ತಾಗಿ ಜೋಡಿಸಿ. ಕಲ್ಲು ನೆಲದ ತೇವವನ್ನೂ ಹಿಡಿದಿಡುತ್ತದೆ. ಆದರೆ ಕಲ್ಲಾಗಲಿ ಮಣ್ಣಾಗಲಿ ಕಾಂಡಕ್ಕೆ ತಾಗಿಕೊಂಡಿರಬಾರದು, ಕಸಿ ಕಟ್ಟಿದ ಗಂಟು ಯಾವಾಗಲೂ ಮಣ್ಣಿನ ಮೇಲೆ ಕಾಣುತ್ತಿರಬೇಕು, ಗಂಟಿನ ಕೆಳಗಿಂದ ಚಿಗುರು ಬಂದರೆ ಚಿವುಟಿ ಹಾಕಿ.

ಇನ್ನು ಗೊಬ್ಬರ. ಕೋಳಿ ಹಿಕ್ಕೆಯಲ್ಲಿ ಸಾರಜನಕ ತುಂಬಾ ಜಾಸ್ತಿ, ಹಸಿಯಾಗಿ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ಎಲೆಯ ಅಂಚು ಕಂದಾಗಿ ಮುದುಡಿದರೆ ಅದೇ ಕಾರಣ ಇರಬಹುದು ಅಂತ ನೋಡಿ. ಗೂಡಿನ ನೆಲಕ್ಕೆ ನಾಲ್ಕೈದು ಇಂಚು ತರಗೆಲೆ, ಮರದ ಹೊಟ್ಟು, ಹುಲ್ಲು, ಏನು ಸಿಕ್ಕಿದರೆ ಅದು ಹಾಸಿ. ಕೋಳಿಗಳು ರಾತ್ರಿಯೆಲ್ಲಾ ಗೂಡಿನ ಅಡ್ಡಕೋಲಿನ ಮೇಲೆ ಕೂರುವುದರಿಂದ ಹಿಕ್ಕೆ ಅದರ ಕೆಳಗೇ ಒಟ್ಟಾಗಿ ಸಿಗುತ್ತದೆ, ಆರಿಸುವ ಕೆಲಸ ಇಲ್ಲ. ಅದನ್ನು ಹಾಸಿನ ಸಮೇತ ತೆಗೆದು, ಇನ್ನಷ್ಟು ಒಣ ಎಲೆ ಸೇರಿಸಿ, ಹಿಂಡಿದರೆ ನೀರು ಇಳಿಯದಷ್ಟು ತೇವ ಇಟ್ಟು, ಆಗಾಗ ಮಗುಚಿ ಮೂರ್ನಾಲ್ಕು ತಿಂಗಳು ಕೊಳೆಯಲು ಬಿಡಿ. ಮೂಗಿಗೆ ಅಮೋನಿಯಾ ಘಾಟು ಹೊಡೆದರೆ ಒಣ ಎಲೆ ಸಾಲದು ಅಂತ ಅರ್ಥ. ಗೂಡಲ್ಲೂ ಅಷ್ಟೇ, ಘಾಟು ಬಂದರೆ ಕೋಳಿಗೆ ಕಣ್ಣು, ಉಸಿರಿನ ತೊಂದರೆ ಶುರುವಾಗುತ್ತದೆ. ಒಂದು ಮಾತು, ಕೋಳಿ ಓಡಾಡುವ ಕಡೆ ನೆಲಕ್ಕೆ ಬಿದ್ದ ಹಣ್ಣು ಕೋಳಿಗೇ ಇರಲಿ. ನೀವು ಮರದಿಂದ ಕಿತ್ತದ್ದನ್ನು ತೊಳೆದು ತಿನ್ನಿ, ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಗಿಡ ದೊಡ್ಡದಾದ ಮೇಲೆ ಮಾತ್ರ ಗೇಟು ತೆಗೆಯುವ ಕಾಲ ಬರುತ್ತದೆ, ಮತ್ತೆ ನನ್ನ ಪ್ರಕಾರ ಕೋಳಿಯಿಂದ ಹಣ್ಣಿನ ಗಿಡಕ್ಕೆ ಆಗುವ ದೊಡ್ಡ ಲಾಭ ಗೊಬ್ಬರವೂ ಅಲ್ಲ. ಹಣ್ಣುನೊಣ ಗೊತ್ತಲ್ವಾ? ಸೀಬೆ, ಮಾವು ಹೊರಗಿಂದ ಚೆನ್ನಾಗೇ ಕಾಣುತ್ತದೆ, ಕೊಯ್ದರೆ ಒಳಗೆ ಬಿಳಿ ಹುಳು. ನೊಣ ಬಲಿಯುತ್ತಿರುವ ಹಣ್ಣಿನ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಹುಳು ತಿರುಳು ತಿನ್ನುತ್ತದೆ, ಹಣ್ಣು ಉದುರುತ್ತದೆ, ಹುಳು ಹಣ್ಣಿಂದ ಹೊರಬಂದು ಮಣ್ಣೊಳಗೆ ಒಂದೆರಡು ಇಂಚು ಇಳಿದು ಕೋಶ ಕಟ್ಟಿಕೊಳ್ಳುತ್ತದೆ. ಬೆಚ್ಚಗಿನ ಹವೆಯಲ್ಲಿ ಒಂದೆರಡು ವಾರಕ್ಕೆ ಹೊಸ ನೊಣ ರೆಡಿ. ಕೋಳಿ ಕೆರೆಯುವುದು ಸರಿಯಾಗಿ ಆ ಒಂದೆರಡು ಇಂಚನ್ನೇ. ಹಣ್ಣು ಉದುರುವ ಕಾಲದಲ್ಲಿ ದಿನಾ ಸಂಜೆ ಒಂದು ಗಂಟೆ ಮರದ ಕೆಳಗೆ ಬಿಡಿ, ಆಮೇಲೆ ತಾವಾಗೇ ಗೂಡಿಗೆ ಹೋಗುತ್ತವೆ. ಹುಳು, ಕೋಶ ಎರಡನ್ನೂ ಹುಡುಕಿ ತಿನ್ನುತ್ತವೆ. ಇದರಿಂದ ನೊಣ ಪೂರ್ತಿ ಹೋಗುತ್ತದೆ ಅಂತ ನಂಬಬೇಡಿ, ಪಕ್ಕದವರ ಮರದಿಂದ ಹಾರಿ ಬರುವ ನೊಣಕ್ಕೆ ನಿಮ್ಮ ಕೋಳಿ ಏನು ಮಾಡೀತು. ಸೀಬೆ ನಿಂಬೆ ಗಾತ್ರಕ್ಕೆ ಬಂದಾಗ ಒಂದೊಂದಕ್ಕೂ ಕಾಗದದ ಚೀಲ ಕಟ್ಟಿದರೆ ಮಿಕ್ಕದ್ದು ಉಳಿಯುತ್ತದೆ. ಗಿಡಕ್ಕೆ ಔಷಧಿ ಹೊಡೆದಿದ್ದರೆ ಮಾತ್ರ ಆ ಕಡೆ ಕೋಳಿ ಬಿಡಲೇಬಾರದು, ಅದು ಮೊಟ್ಟೆಗೂ ಬರಬಹುದು.

ಯಾವ ಗಿಡ ಅಂದರೆ, ಬಾಳೆ, ಪಪ್ಪಾಯ, ಸೀಬೆ, ನಿಂಬೆ, ಹಿಪ್ಪುನೇರಳೆ ಇಷ್ಟರಲ್ಲಿ ಶುರು ಮಾಡಿ. ಕೊಳೆತ ಕೋಳಿ ಗೊಬ್ಬರ ಎಷ್ಟು ಹಾಕಿದರೂ ಬಾಳೆ ತಿನ್ನುತ್ತದೆ. ಹಿಪ್ಪುನೇರಳೆ ಬೇಗ ಕಾಯಿ ಬಿಡುತ್ತದೆ, ಉದುರಿದ ಹಣ್ಣಿಗೆ ಕೋಳಿಗಳು ಓಡಿ ಬರುತ್ತವೆ. ಪಪ್ಪಾಯ ವರ್ಷದೊಳಗೆ ಹಣ್ಣು ಕೊಟ್ಟರೂ ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಸತ್ತೇ ಹೋಗುತ್ತದೆ, ಅದನ್ನು ಸ್ವಲ್ಪ ಎತ್ತರದಲ್ಲಿ ನೆಡಿ. ಬೆಣ್ಣೆಹಣ್ಣಿನ ಮರ ಇದ್ದರೆ ಕೋಳಿ ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ, ಅದರ ಎಲೆ, ಸಿಪ್ಪೆ, ಬೀಜದಲ್ಲಿರುವ ಪರ್ಸಿನ್ ಪಕ್ಷಿಗಳಿಗೆ ವಿಷ.

ಹಣ್ಣು ಇದೆಯಲ್ಲಾ, ಕೋಳಿ ಮೇವಿನ ಖರ್ಚು ಉಳಿಯುತ್ತದೆ ಅಂತ ಲೆಕ್ಕ ಹಾಕಬೇಡಿ. ಹಣ್ಣಲ್ಲಿ ಇರುವುದು ನೀರು, ಸಕ್ಕರೆ. ಮೊಟ್ಟೆ ಇಡುವ ಹೇಂಟೆಗೆ ದಿನಕ್ಕೆ 100ರಿಂದ 120 ಗ್ರಾಂ ಮೇವು ಬೇಕು, ಅದರಲ್ಲಿ ಸುಮಾರು 16% ಪ್ರೋಟೀನ್ ಇರಬೇಕು, ಜೊತೆಗೆ ಚಿಪ್ಪಿಗೆ ಸುಣ್ಣದ ಅಂಶ. ಮೊಟ್ಟೆ ಚಿಪ್ಪನ್ನೇ ಚೆನ್ನಾಗಿ ಒಣಗಿಸಿ ಪುಡಿ ಮಾಡಿ ಬೇರೆ ತಟ್ಟೆಯಲ್ಲಿ ಇಡಿ, ಬೇಕಾದಷ್ಟು ತಿನ್ನುತ್ತವೆ. ಈ ಮೊಟ್ಟೆ ಕೋಳಿ ಮೇವನ್ನು ಮರಿಗಳಿಗೆ ಹಾಕಬೇಡಿ, ಕ್ಯಾಲ್ಸಿಯಂ ಜಾಸ್ತಿಯಾಗಿ ಕಿಡ್ನಿಗೆ ಪೆಟ್ಟು. ಬೂಸ್ಟು ಹಿಡಿದ ಕಾಳು ಯಾವ ಕೋಳಿಗೂ ಬೇಡ.

ಗೂಡಿಗೆ ಒಂದು ಕೋಳಿಗೆ 3–4 ಚದರ ಅಡಿ, ಓಡಾಡಲು 8–10 ಚದರ ಅಡಿ ಇರಲಿ. ಆರು ಮೂಲೆಯ ಕಣ್ಣಿನ ತೆಳು ಕೋಳಿ ಬಲೆ ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ನಾಯಿ, ಮುಂಗುಸಿಯನ್ನು ಹೊರಗೆ ಇಡುವುದಿಲ್ಲ. ದುಡ್ಡು ಉಳಿಸುವುದಿದ್ದರೆ ಬೇರೆ ಕಡೆ ಉಳಿಸಿ, ಗೂಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಹಾಕಿ, ಕೆಳಗೆ ಒಂದು ಅಡಿ ಮಣ್ಣಿಗೆ ಇಳಿಸಿ. ಚಿಲಕ ಕತ್ತಲಾಗುವ ಮೊದಲೇ ಬೀಳಬೇಕು.

ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅನ್ನುವ ವೈರಸ್ ರೋಗ) ಲಸಿಕೆ ತಪ್ಪಿಸಬೇಡಿ. ಬಂದ ಮೇಲೆ ಅದಕ್ಕೆ ಔಷಧಿ ಇಲ್ಲ, ಇಡೀ ಗುಂಪು ಹೋಗಬಹುದು. ಮೊದಲ ಡೋಸು ಮರಿಯ ಮೊದಲ ವಾರದಲ್ಲೇ, ಆಮೇಲಿನದ್ದು ಯಾವಾಗ ಅಂತ ಪಶುವೈದ್ಯರು ಬರೆದುಕೊಡುತ್ತಾರೆ. ಹೊಸ ಕೋಳಿ ತಂದರೆ ಹಳೆಯವುಗಳ ಜೊತೆ ಸೇರಿಸುವ ಮೊದಲು ಮೂರ್ನಾಲ್ಕು ವಾರ ದೂರ ಇಡಿ.

ಹುಂಜ ಬೇಕಾ ಅಂತ ನೀವು ಕೇಳಲಿಲ್ಲ, ಆದರೆ ಎಲ್ಲರೂ ಕೊನೆಗೆ ಕೇಳುತ್ತಾರೆ. ಮೊಟ್ಟೆಗೆ ಬೇಡ, ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ. ಮರಿ ಮಾಡಿಸಬೇಕು ಅಂದರೆ ಮಾತ್ರ ಬೇಕು, ಕಾವಿಗೆ ಕೂತರೆ 21 ದಿನ. ನಾಲ್ಕೈದು ಹೇಂಟೆಯಿಂದ ಶುರು ಮಾಡಿ, ಒಂದೇ ಒಂದು ತರಬೇಡಿ, ಅವು ಗುಂಪಲ್ಲಿ ಇರುವ ಜೀವ. ಜಾಗ ಎಷ್ಟಿದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಅಂತ ಬರೆದರೆ ಬೇಲಿ ಎಲ್ಲಿ ಎಳೆಯಬಹುದು ಅಂತ ಹೇಳುತ್ತೇನೆ.