‘ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ’ಯ ಲೇಖಕ ಡಗ್ಲಸ್ ಆಡಮ್ಸ್ ಅವರ ಸಹಿ ಇರುವ ಹಳೆಯ ಪ್ರತಿ ಕೊಳ್ಳುವಾಗ ಏನು ನೋಡಬೇಕು?

ಮೊದಲು ಮುದ್ರಣ ವಿವರದ ಪುಟ ತೆರೆಯಿರಿ, ಸಹಿ ಆಮೇಲೆ. 1978ರ ಬಿಬಿಸಿ ರೇಡಿಯೊ ಸರಣಿಯಿಂದ ಹುಟ್ಟಿದ ಈ ಕಾದಂಬರಿ 1979ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪ್ಯಾನ್ ಬುಕ್ಸ್‌ನಿಂದ ಬಂತು, ಅದೂ ಪೇಪರ್‌ಬ್ಯಾಕ್ ಆಗಿ. ಅಮೆರಿಕದ ಹಾರ್ಮನಿ ಬುಕ್ಸ್‌ನ ಗಟ್ಟಿ ರಟ್ಟಿನ ಪ್ರತಿ 1980ರದ್ದು. ‘ಹಾರ್ಡ್‌ಕವರ್, ಹಾಗಾಗಿ ಇದೇ ಮೊದಲನೆಯದು’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ಯಾನ್ ಪ್ರತಿಯಲ್ಲಿ 1979ರ ಸಾಲಿನ ಕೆಳಗೆ ಮರುಮುದ್ರಣಗಳ ಪಟ್ಟಿ ಇದ್ದರೆ ಅದು ಮೊದಲ ಮುದ್ರಣವಲ್ಲ.

ಇನ್ನು ಸಹಿ. ಡಗ್ಲಸ್ ಆಡಮ್ಸ್ ಧಾರಾಳವಾಗಿ ಸಹಿ ಹಾಕಿದವರು, ಆದ್ದರಿಂದ ಸಹಿ ಇದ್ದ ಮಾತ್ರಕ್ಕೆ ಪ್ರತಿ ಅಪರೂಪದ್ದಾಗದು. ಅವರು ತೀರಿಕೊಂಡದ್ದು 2001ರ ಮೇ 11ರಂದು. 2005ರ ಸಿನಿಮಾದ ಚಿತ್ರ ಹೊದ್ದ ಪ್ರತಿಯಲ್ಲಿ ಅವರ ‘ಸಹಿ’ ಕಂಡರೆ ನಕ್ಕು ಮುಂದೆ ಹೋಗಿ!

ಭೂತಗನ್ನಡಿ ಹಿಡಿದು ನೋಡಿ: ಪೆನ್ನಿನ ಶಾಯಿ ಕಾಗದದ ನಾರಿನೊಳಗೆ ಇಳಿದಿರುತ್ತದೆ, ಬಾಲ್‌ಪೆನ್ ಆದರೆ ಹಿಂಬದಿಯಲ್ಲಿ ಒತ್ತು ಕೈಗೆ ಸಿಗಬಹುದು. ಅಚ್ಚಾದ ಸಹಿಯಲ್ಲಿ ಸಾಮಾನ್ಯವಾಗಿ ಸಣ್ಣ ಚುಕ್ಕೆಗಳು ಕಾಣುತ್ತವೆ. ಬೇರೆ ಚೀಟಿಯಲ್ಲಿ ಸಹಿ ಮಾಡಿ ಅಂಟಿಸಿದ್ದಕ್ಕೆ ಬೆಲೆ ಕಡಿಮೆ. ‘ಇಂಥವರಿಗೆ’ ಎಂದು ಹೆಸರು ಬರೆದುಕೊಟ್ಟ ಪ್ರತಿಯೂ ಸಾಮಾನ್ಯವಾಗಿ ಅಗ್ಗ, ಆದರೆ ನನಗೆ ಅದೇ ಇಷ್ಟ. ಹೆಚ್ಚು ಅಕ್ಷರ ಇದ್ದಷ್ಟೂ ನಕಲು ಮಾಡುವವನಿಗೆ ಕಷ್ಟ.

ಆ ಕಾಲದ ಪೇಪರ್‌ಬ್ಯಾಕ್ ಕಾಗದ ಹಳದಿಯಾಗಿ ಬೆನ್ನು ಬಿರಿದಿರುವುದು ಸಹಜ. ಟೇಪ್ ಹಚ್ಚಬೇಡಿ.