ಹೆರಿಗೆಗೆ ಮೊದಲೇ ಗೊತ್ತು ಮಾಡಿದ ಹೆಸರು ಈಗ ಬೇಡ ಅನ್ನಿಸುತ್ತಿದೆ. ಬದಲಾಯಿಸಿದರೆ ತೊಂದರೆ ಇದೆಯಾ?

ನೀವು ಬರೆದಿರೋದು ಇಷ್ಟು. ಮನೆ ದಾವಣಗೆರೆ, ಈಗ ಎಂಟನೇ ತಿಂಗಳು. ಹೆಣ್ಣಾದರೆ ಧೃತಿ ಅಂತ ನೀವಿಬ್ಬರೂ ಒಪ್ಪಿ, ಸೀಮಂತದ ದಿನ ಎಲ್ಲರಿಗೂ ಹೇಳಿಯೂ ಆಗಿದೆ. ಈಗ ಆ ಹೆಸರು ನಿಮಗೇ ಹಿಡಿಸುತ್ತಿಲ್ಲ. ಅತ್ತೆಯವರ ಬಾಯಲ್ಲಿ ಅದು ‘ದುರ್ತಿ’ ಆಗುತ್ತದೆ. ಗಂಡಾದರೆ ಮಾವನವರ ತಂದೆ ತಿಪ್ಪೇರುದ್ರಪ್ಪನವರ ಹೆಸರು ಬರಲೇಬೇಕು ಅಂತ ಹಿರಿಯರ ಹಠ. ಹೆಸರು ತಡವಾದರೆ ಸರ್ಟಿಫಿಕೇಟಿಗೆ ತೊಂದರೆ ಆಗುತ್ತಾ ಅನ್ನೋದು ಇನ್ನೊಂದು ಚಿಂತೆ.

ಸರ್ಟಿಫಿಕೇಟಿನ ಮಾತು ಮೊದಲು ಮುಗಿಸೋಣ. ನಿಮ್ಮ ಅರ್ಧ ಗಾಬರಿ ಅಲ್ಲೇ ಇದೆ, ಮತ್ತು ಜನನ ನೋಂದಣಿ ಅರ್ಜಿಗಳನ್ನು ನೋಡುವ ಕೆಲಸ ನನ್ನದಾದ್ದರಿಂದ ಇದನ್ನೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ 21 ದಿನದ ಗಡುವು ಇರೋದು ಮಗು ಹುಟ್ಟಿದ್ದನ್ನು ತಿಳಿಸೋದಕ್ಕೆ. ಹೆಸರಿಗೆ ಆ ಗಡುವು ಇಲ್ಲ. ಆಸ್ಪತ್ರೆಯವರು ತುಂಬುವ ಜನನ ವರದಿಯಲ್ಲಿ ಮಗುವಿನ ಹೆಸರಿನ ಕಾಲಂ ಪಕ್ಕದಲ್ಲೇ, ಹೆಸರು ಇಟ್ಟಿಲ್ಲದಿದ್ದರೆ ಖಾಲಿ ಬಿಡಿ ಅಂತ ಸೂಚನೆ ಇದೆ. ಖಾಲಿ ಬಿಟ್ಟರೂ ನೋಂದಣಿ ಆಗುತ್ತದೆ, ಸರ್ಟಿಫಿಕೇಟೂ ಬರುತ್ತದೆ, ಹೆಸರಿನ ಜಾಗ ಮಾತ್ರ ಖಾಲಿ ಇರುತ್ತದೆ. ನೋಂದಣಿಯಾದ ದಿನದಿಂದ 12 ತಿಂಗಳ ಒಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದು ದಾಟಿದರೆ ತಡದ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಲು ಅವಕಾಶವಿದೆ. ಬೇಕಾದ್ದು ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಮನವಿ, ಇಬ್ಬರ ಗುರುತಿನ ದಾಖಲೆ, ಹೆಸರಿಲ್ಲದ ಆ ಮೂಲ ಸರ್ಟಿಫಿಕೇಟು.

ಆದರೆ ಒಮ್ಮೆ ಆ ಕಾಲಂ ತುಂಬಿತು ಅಂದರೆ ಕಥೆಯೇ ಬೇರೆ. ಕಾಯ್ದೆಯ 15ನೇ ಕಲಂ ಪ್ರಕಾರ ರಿಜಿಸ್ಟ್ರಾರ್ ತಿದ್ದಬಹುದಾದ್ದು ತಪ್ಪಾಗಿ ಬಿದ್ದ ನಮೂದನ್ನು. ಮನಸ್ಸು ಬದಲಾಯಿತು ಅನ್ನೋದು ತಪ್ಪಿನ ಲೆಕ್ಕಕ್ಕೆ ಬರೋದಿಲ್ಲ. ಕಾಗುಣಿತ ತಪ್ಪಿದ್ದರೆ ದಾಖಲೆ ಕೊಟ್ಟು ಸರಿಪಡಿಸಿಕೊಳ್ಳಬಹುದು. ಧೃತಿಯನ್ನು ತೆಗೆದು ಅನನ್ಯ ಮಾಡಿ ಅಂದರೆ ಕೌಂಟರಿನಲ್ಲಿ ಸಾಮಾನ್ಯವಾಗಿ ಆಗೋದಿಲ್ಲ, ಅಫಿಡವಿಟ್ಟು, ಗೆಜೆಟ್ಟು, ಕೆಲವೊಮ್ಮೆ ಕೋರ್ಟಿನವರೆಗೂ ಹೋಗುತ್ತದೆ. ಹಾಗಾಗಿ ಗೊಂದಲ ಇದ್ದಾಗ ಖಾಲಿ ಬಿಡೋದೇ ಜಾಣತನ.

ಇಲ್ಲಿ ಎಡವೋದು ಎಲ್ಲಿ ಅಂದರೆ, ಡಿಸ್ಚಾರ್ಜ್ ದಿನ. ತಾಯಿ ಮಲಗಿರುತ್ತಾಳೆ, ಗಂಡ ಬಿಲ್ಲು, ಔಷಧಿ ಅಂತ ಓಡಾಡುತ್ತಿರುತ್ತಾನೆ, ಕೌಂಟರಿನ ಮುಂದೆ ಮೈದುನನೋ ಸೋದರಮಾವನೋ ನಿಂತಿರುತ್ತಾನೆ. ‘ಮಗು ಹೆಸ್ರೇನು?’ ಅಂತ ಕೇಳಿದ ತಕ್ಷಣ ಸೀಮಂತದಲ್ಲಿ ಕೇಳಿದ್ದ ಹೆಸರನ್ನು ಅವನು ಹೇಳಿಬಿಡುತ್ತಾನೆ. ಕಂಪ್ಯೂಟರಿನ ಮುಂದೆ ಕೂತವರು ತಮಗೆ ತೋಚಿದ ಸ್ಪೆಲಿಂಗ್ ಹಾಕುತ್ತಾರೆ. ಆದ್ದರಿಂದ ಈಗಲೇ ಮನೆಯವರಿಗೆಲ್ಲ ಹೇಳಿಡಿ: ಯಾರು ಕೇಳಿದರೂ ‘ಹೆಸರು ಇನ್ನೂ ಇಟ್ಟಿಲ್ಲ, ಖಾಲಿ ಬಿಡ್ರಿ’ ಅನ್ನಬೇಕು. ಅದರ ಬದಲು ಅಲ್ಲಿ ನೋಡಬೇಕಾದ್ದು ನಿಮ್ಮಿಬ್ಬರ ಹೆಸರು. ತಾಯಿ ಕಾರ್ಡಿನಲ್ಲಿ ಬರೀ ‘ಕವಿತಾ’, ಆಧಾರಿನಲ್ಲಿ ತಂದೆಯ ಇನಿಷಿಯಲ್ ಜೊತೆ ‘ಕವಿತಾ ಬಿ’, ಆಸ್ಪತ್ರೆ ಕೇಸ್ ಶೀಟಿನಲ್ಲಿ ಗಂಡನ ಹೆಸರು ಸೇರಿಸಿ ‘ಕವಿತಾ ಮಂಜುನಾಥ್’ ಅಂತ ಇರೋದು ತೀರಾ ಮಾಮೂಲು. ಆಧಾರಿನಲ್ಲಿ ಇರುವಂತೆಯೇ ಬರಲಿ ಅಂತ ಒಂದು ಚೀಟಿಯಲ್ಲಿ ಬರೆದು ಕೊಟ್ಟುಬಿಡಿ.

ಚೊಚ್ಚಲು ಹೆರಿಗೆ ತವರಿನಲ್ಲಿ ಆಗೋದಾದರೆ ಇನ್ನೊಂದು ವಿಷಯ. ನೋಂದಣಿ ಆಗೋದು ಮಗು ಹುಟ್ಟಿದ ಊರಿನಲ್ಲಿ, ನೀವು ಇರುವ ಊರಿನಲ್ಲಿ ಅಲ್ಲ. ಚಳ್ಳಕೆರೆಯಲ್ಲಿ ಹೆರಿಗೆ ಆದರೆ ಹೆಸರು ಸೇರಿಸಲೂ ಚಳ್ಳಕೆರೆಗೇ ಹೋಗಬೇಕು, ದಾವಣಗೆರೆ ಪಾಲಿಕೆಯಲ್ಲಿ ಕೇಳಿದರೆ ವಾಪಸ್ ಕಳಿಸುತ್ತಾರೆ. ಹೊಳಲ್ಕೆರೆ, ಜಗಳೂರು ಕಡೆಯಿಂದ ಹೆರಿಗೆಗೆ ಇಲ್ಲಿಗೆ ಬಂದವರಿಗೆ ಇದೇ ಮಾತು ತಿರುಗುಮುರುಗು. ಬಾಣಂತನ ಮುಗಿಸಿ ತವರಿನಿಂದ ಹೊರಡುವ ಮೊದಲೇ ಹೆಸರಿನ ಕೆಲಸ ಮುಗಿಸಿಕೊಂಡರೆ ಒಂದು ಓಡಾಟ ಉಳಿಯಿತು.

12 ತಿಂಗಳು ಇದೆಯಲ್ಲ ಅಂತ ಅಷ್ಟೂ ಎಳೆಯಬೇಡಿ. ಲಸಿಕೆಗೆ ಹೆಸರು ಬೇಡ. ಹುಟ್ಟಿದಾಗಿನ ಬಿಸಿಜಿ, ಪೋಲಿಯೊ ಹನಿ, ಒಂದೂವರೆ ತಿಂಗಳಿನ ಪೆಂಟಾವೇಲೆಂಟ್ ಎಲ್ಲವೂ ತಾಯಿ ಕಾರ್ಡಿನ ಮೇಲೇ ನಡೆಯುತ್ತವೆ. ಆದರೆ ಮಗುವಿನ ಆಧಾರ್, ಪಾಸ್‌ಪೋರ್ಟ್‌ಗೆ ಹೆಸರಿರುವ ಸರ್ಟಿಫಿಕೇಟು ಬೇಕು. 2023ರ ತಿದ್ದುಪಡಿ ಜಾರಿಗೆ ಬಂದ ಮೇಲೆ, ಅಂದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ, ಮುಂದೆ ಡಿಎಲ್‌ಗೂ, ವೋಟರ್ ಲಿಸ್ಟಿಗೂ ಹುಟ್ಟಿದ ದಿನದ ಆಧಾರ ಈ ಒಂದು ಕಾಗದವೇ. ಮೂರು ತಿಂಗಳೊಳಗೆ ಮುಗಿಸಿ ಅನ್ನೋದು ನನ್ನ ಸಲಹೆ.

ಈಗ ಹೆಸರಿಗೆ ಬರೋಣ. ಬೇಡ ಅನ್ನಿಸೋದರಲ್ಲಿ ಎರಡು ಬಗೆ ಇದೆ, ಎರಡನ್ನೂ ಬೇರೆ ಮಾಡಿ ನೋಡಬೇಕು. ನಾಲ್ಕು ತಿಂಗಳಿಂದ ದಿನಾ ಅದೇ ಹೆಸರು ಬಾಯಲ್ಲಿ ಆಡಿಸಿ ಸಪ್ಪೆಯಾಗಿರೋದು ಒಂದು. ಕರೆಯೋಕೆ ಕೂಸೇ ಇಲ್ಲದಾಗ ಎಷ್ಟು ಒಳ್ಳೆ ಹೆಸರಾದರೂ ಹಾಗೇ ಅನ್ನಿಸುತ್ತದೆ. ಹದಿನೈದು ದಿನ ಆ ಹೆಸರು ಎತ್ತಲೇಬೇಡಿ, ಆಮೇಲೆ ನೋಡಿ. ಇನ್ನೊಂದು ಬಗೆ, ಹೆಸರಿನಲ್ಲೇ ತೊಡಕು ಇರೋದು. ಅದು ಹದಿನೈದು ದಿನ ಬಿಟ್ಟರೂ ಹೋಗೋದಿಲ್ಲ.

ಧೃತಿಯಲ್ಲಿ ತೊಡಕು ಇದೆ, ಮುಚ್ಚಿಡೋದು ಬೇಡ. ಮಹಾಪ್ರಾಣ ಧ, ಅದಕ್ಕೆ ಋ ಸೇರಿದೆ. ಹಳ್ಳಿ ಬಾಯಲ್ಲಿ ಮೊದಲು ‘ದ್ರುತಿ’, ಆಮೇಲೆ ‘ದುರ್ತಿ’ ಆಗೋದು ಸಹಜ. ಅತ್ತೆಯವರು ಬೇಕಂತ ಹಾಗೆ ಅನ್ನುತ್ತಿಲ್ಲ, ದಯವಿಟ್ಟು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಬರೆದು ನೋಡಿ: ಮೊದಲಿಗೆ ಬರೀ ಡಿ ಇಡಬಹುದು, ಡಿ ಜೊತೆ ಎಚ್ ಇಡಬಹುದು. ಋ ಜಾಗದಲ್ಲಿ ಆರ್ ಯು ಅಥವಾ ಆರ್ ಐ. ಕೊನೆಗೆ ಬರೀ ಟಿ ಅಥವಾ ಟಿ ಎಚ್. ಮೂರು ಕಡೆ ಎರಡೆರಡು ದಾರಿ, ಒಟ್ಟು ಎಂಟು ಸ್ಪೆಲಿಂಗು. ಸರ್ಟಿಫಿಕೇಟಿನಲ್ಲಿ ಒಂದು, ಆಧಾರಿನಲ್ಲಿ ಒಂದು, ಶಾಲೆಯಲ್ಲಿ ಮೂರನೆಯದು ಬೀಳೋದಕ್ಕೆ ಇಷ್ಟು ಸಾಕು. ಋತ್ವಿಕ್, ಪ್ರಜ್ಞಾ, ಹೃಷಿಕೇಶ, ಯಜ್ಞೇಶ್ ಈ ಜಾತಿಯ ಎಲ್ಲ ಹೆಸರುಗಳ ಪಾಡೂ ಇದೇ. ಇಡಲೇಬಾರದು ಅಂತಲ್ಲ, ಒಂದು ಸ್ಪೆಲಿಂಗ್ ಗಟ್ಟಿ ಮಾಡಿಕೊಂಡು ಎಲ್ಲ ಕಡೆ ಅದನ್ನೇ ಕಾಯುವ ತಾಳ್ಮೆ ಇರಬೇಕು ಅಷ್ಟೇ.

ಬದಲಿ ಹೆಸರು ಹುಡುಕಿದರೆ ಪರೀಕ್ಷೆ ಹೀಗೆ ಮಾಡಿ. ಮನೆಯ ಹಿರಿಯರಿಗೆ ಒಂದೇ ಸಲ ಹೇಳಿ, ಎರಡು ದಿನ ಬಿಟ್ಟು ‘ಏನು ಹೆಸರು ಹೇಳಿದ್ದೆ?’ ಅಂತ ಕೇಳಿ. ಅವರ ಬಾಯಿಂದ ಬಂದ ರೂಪವೇ ಕೂಸಿನ ದಿನದ ಹೆಸರು. ಆ ರೂಪ ನಿಮಗೆ ಒಪ್ಪಿಗೆಯಾದರೆ ಪಾಸು. ಮಾಳಿಗೆ ಮೇಲಿಂದ ಬೀದಿಗೆ ಕೇಳೋ ಹಾಗೆ ಕೂಗಿ ನೋಡಿ. ಕೊನೆಯ ಅಕ್ಷರ ಎಳೆಯೋಕೆ ಬರದ ಹೆಸರನ್ನು ಕೂಗೋದು ಕಷ್ಟ. ಇನಿಷಿಯಲ್ ಸೇರಿಸಿ ಬರೆದು ನೋಡಿ. ನಮ್ಮ ಕಡೆ ಊರಿನದೊಂದು, ಅಪ್ಪನದೊಂದು ಅಂತ ಎರಡು ಇನಿಷಿಯಲ್ ಇಡೋರು ಇದ್ದಾರೆ, ಆದರೆ ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಒಂದು ಸಾಕು, ಅದೂ ಹೆಸರಿನ ಮುಂದೋ ಹಿಂದೋ ಅನ್ನೋದು ಮೊದಲೇ ಗೊತ್ತಿರಲಿ. ಅರ್ಥವನ್ನು ಮೊಬೈಲಿನ ಹೆಸರಿನ ಪಟ್ಟಿಯಲ್ಲಿ ನೋಡಿ ನಂಬಬೇಡಿ. ಅಲ್ಲಿ ಎಲ್ಲ ಹೆಸರಿಗೂ ‘ದೇವರ ವರ’, ‘ಬೆಳಕು’ ಅಂತಲೇ ಇರುತ್ತದೆ. ನಿಘಂಟಿನಲ್ಲಿ ಪದವೇ ಸಿಗದಿದ್ದರೆ ಅದು ಯಾರೋ ಹೊಸೆದದ್ದು.

ನಕ್ಷತ್ರದ ಅಕ್ಷರ ನೋಡುವ ಮನೆಯಾದರೆ ಹುಟ್ಟೋಕೆ ಮುಂಚೆ ಹೆಸರು ಗಟ್ಟಿ ಮಾಡೋದರಲ್ಲಿ ಅರ್ಥವೇ ಇಲ್ಲ. ಚಂದ್ರ ಒಂದು ನಕ್ಷತ್ರದಲ್ಲಿ ಇರೋದು ಹೆಚ್ಚುಕಮ್ಮಿ ಒಂದು ದಿನ, ಅದರ ಕಾಲು ಭಾಗವಾದ ಒಂದು ಪಾದಕ್ಕೆ ಸುಮಾರು ಆರು ಗಂಟೆ. ಡಾಕ್ಟರು ಕೊಟ್ಟ ದಿನಕ್ಕೆ ಸರಿಯಾಗಿ ಹೆರಿಗೆ ಆಗೋದೇ ಅಪರೂಪ, ಇನ್ನು ಪಾದ ಹೊಂದಿಸೋದು ಎಲ್ಲಿಂದ? ಕೆಲವು ಪಾದಕ್ಕೆ ಹೆಸರೇ ಹುಟ್ಟದ ಅಕ್ಷರ ಬರುತ್ತದೆ: ಆರಿದ್ರಾಕ್ಕೆ ಕು, ಘ, ಙ, ಛ, ಹಸ್ತಕ್ಕೆ ಪು, ಷ, ಣ, ಠ. ಙ, ಣ ಬಂದರೆ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ಹಿಡಿಯುತ್ತಾರೆ, ಇಲ್ಲವೇ ನಕ್ಷತ್ರದ ಹೆಸರನ್ನು ತೊಟ್ಟಿಲಿಗೆ ಮಾತ್ರ ಇಟ್ಟುಕೊಂಡು ದಾಖಲೆಗೆ ಬೇರೆ ಬರೆಸುತ್ತಾರೆ. ಎರಡನೆಯದೇ ಸಲೀಸು.

ಹಿರಿಯರ ಹೆಸರಿನ ಗಂಟನ್ನೂ ತೊಟ್ಟಿಲಲ್ಲೇ ಬಿಡಿಸಬಹುದು. ತೊಟ್ಟಿಲಿಗೆ ಹಾಕುವಾಗ ಸೋದರತ್ತೆ ಕಿವಿಯಲ್ಲಿ ಹೇಳೋದು ಒಂದೇ ಹೆಸರು ಆಗಬೇಕಿಲ್ಲ. ಮನೆದೇವರದು, ಹಿರಿಯರದು, ಕರೆಯೋ ಹೆಸರು ಅಂತ ಎರಡು ಮೂರು ಹೇಳೋದು ವಾಡಿಕೆಯಲ್ಲಿದೆ. ಮೊದಲ ಹೆಸರು ತಿಪ್ಪೇರುದ್ರಪ್ಪ ಆಗಲಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಒಕ್ಕಲಿನ ಮನೆ ಅಂದಮೇಲೆ ಆ ಹೆಸರಿಗೆ ಇರುವ ತೂಕ ನಿಮಗೂ ಗೊತ್ತಿದೆ, ಅದನ್ನು ತಳ್ಳಿಹಾಕೋದು ಬೇಡ. ದಾಖಲೆಗೂ ಅದೇ ಬೇಕು ಅಂದರೆ ತಿಪ್ಪೇಶ್, ರುದ್ರೇಶ್ ಇವೆ. ಎರಡನ್ನೂ ಜೋಡಿಸಿ ಉದ್ದದ ಹೆಸರು ಬರೆಸೋದಕ್ಕೆ ಮಾತ್ರ ನನ್ನ ವಿರೋಧವಿದೆ. ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಅರ್ಧ ಬಿದ್ದು, ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಯಾವುದು ಸರಿ ಅನ್ನೋ ಪೇಚಾಟ ಶುರುವಾಗುತ್ತದೆ. ಇನ್ನೂ ಒಂದು ಮಾತು, ಹಿರಿಯರ ಹೆಸರಿಟ್ಟ ಕೂಸನ್ನು ಮನೆಯಲ್ಲಿ ಆ ಹೆಸರಿನಿಂದ ಕರೆಯೋರೇ ಕಮ್ಮಿ. ಅತ್ತೆಯವರು ತಮ್ಮ ಮಾವನ ಹೆಸರು ಹಿಡಿದು ಕೂಸನ್ನು ಗದರೋದುಂಟೇ? ‘ಅಜ್ಜಯ್ಯ’, ‘ಸ್ವಾಮಿ’ ಅಂತ ಬೇರೆ ಹೆಸರು ತಾನಾಗೇ ಬರುತ್ತದೆ.

ಇಷ್ಟಕ್ಕೂ ಹುಟ್ಟೋದು ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲ. 1994ರ ಕಾಯ್ದೆ ಪ್ರಕಾರ ಲಿಂಗ ಪತ್ತೆ ಅಪರಾಧ, ಸ್ಕ್ಯಾನಿಂಗಿನವರು ಹೇಳುವಂತಿಲ್ಲ, ಕೇಳಲೂಬಾರದು. ಗಂಡಾದರೆ ಧೃತಿಯ ಜಗಳ ಅಲ್ಲಿಗೇ ಮುಗಿಯಿತು. ಹೆಣ್ಣಿಗೆ ಎರಡು, ಗಂಡಿಗೆ ಎರಡು ಹೆಸರು ಬರೆದು ಇಬ್ಬರೇ ಇಟ್ಟುಕೊಳ್ಳಿ. ನಿಮ್ಮ ಯಜಮಾನರಿಗೆ ಧೃತಿ ಯಾಕೆ ಇಷ್ಟ ಅಂತ ಒಮ್ಮೆ ಕೇಳಿ. ಅರ್ಥಕ್ಕೋ, ಕೇಳೋಕೆ ಚೆಂದ ಅಂತಲೋ ಗೊತ್ತಾದರೆ ಅದೇ ಗುಣದ ಸರಳ ಹೆಸರು ಹುಡುಕೋದು ಸುಲಭ.

ಜನರ ಬಾಯಿಗೆ ಒಂದೇ ಉತ್ತರ ಸಾಕು: ‘ಇನ್ನೂ ಗೊತ್ತು ಮಾಡಿಲ್ರೀ, ತೊಟ್ಟಿಲಿಗೆ ಹಾಕೋ ದಿನ ಹೇಳ್ತೀವಿ.’ ಹೊಸ ಹೆಸರನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ, ಹಾಕಿದರೆ ಇದೇ ಪ್ರಶ್ನೆ ಮುಂದಿನ ತಿಂಗಳು ಮತ್ತೆ ಕೇಳುತ್ತೀರಿ. ಬೆಳ್ಳಿ ಬಟ್ಟಲಿಗೆ, ತೊಟ್ಟಿಲ ಬಟ್ಟೆಗೆ ಹೆಸರು ಹಾಕಿಸೋದನ್ನೂ ಈಗಲೇ ನಿಲ್ಲಿಸಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತ ನಗೋರಿಗೆ ನೀವೇ ಯಾಕೆ ದಾರಿ ಮಾಡಿಕೊಡುತ್ತೀರಿ.

ನಾಮಕರಣ ಆದಮೇಲೆ, ಕೊನೆಗೆ ಉಳಿದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನ ದೊಡ್ಡಕ್ಷರದಲ್ಲೂ ಬಿಳಿ ಹಾಳೆಯಲ್ಲಿ ಬರೆದು ಮನವಿಗೆ ಲಗತ್ತಿಸಿ. ಸರ್ಟಿಫಿಕೇಟು ಎರಡೂ ಭಾಷೆಯಲ್ಲಿ ಬರುತ್ತದೆ, ಹಾಗಾಗಿ ಎರಡನ್ನೂ ಅಕ್ಷರ ಅಕ್ಷರ ಓದಿ ನೋಡಿ ಕೌಂಟರ್ ಬಿಡಿ. ಕನ್ನಡದಲ್ಲಿ ಶ, ಷ, ಸ ಮತ್ತು ಲ, ಳ ಅದಲು ಬದಲಾಗೋದು ಹೆಚ್ಚು. ಆಧಾರಿಗೆ ಆಮೇಲೆ ಹೋಗಿ, ಈ ಸರ್ಟಿಫಿಕೇಟನ್ನೇ ತೋರಿಸಿ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಅದರಲ್ಲಿ ಒಂದನ್ನು ಕೂಸಿನ ಕಾಲಕ್ಕೇ ಖರ್ಚು ಮಾಡಬೇಡಿ.